ಕಸುವು ಬರುವ ಔಷಧಿ

ಊಟ ಮುಗಿಸಿ ಏಳಲು ಹೋದವರು ಏಳಲಿಲ್ಲ.

ಬಲಗೈ ನೆಲಕ್ಕೆ ಊರಿದರು. ಎಡಗೈಯನ್ನೂ ಊರಿದರು. ಆಮೇಲೆ ಗೋಡೆಗೆ ಒರಗಿ ಕೂತು, ಏನೂ ಆಗಿಲ್ಲದವರ ಹಾಗೆ ಅಡಿಕೆ ಕೇಳಿದರು. ನನ್ನ ಗಂಡ ಗಲಗಲಿಯ ಹೊಳೆದಂಡೆಯಲ್ಲಿ ಕುರಿಗಳ ಹಿಂದೆ ನಡೆದು ನಡೆದೇ ಅರವತ್ತು ದಾಟಿದವರು. ಕುರಿ ದಣಿದರೂ ಅವರು ದಣಿಯುತ್ತಿರಲಿಲ್ಲ. ಅಂಥವರು ತಾಟಿನ ಮುಂದಿನಿಂದ ಏಳಲಾಗದೆ ಅಡಿಕೆ ಕೇಳಿದ್ದು ನನಗೆ ಸರಿ ಕಾಣಲಿಲ್ಲ.

ನನಗೆ ಯಾವುದೂ ಅಷ್ಟು ಸುಲಭವಾಗಿ ಸರಿ ಕಾಣುವುದಿಲ್ಲ. ಅಂಗನವಾಡಿ ಟೀಚರ್ ಆಗಿ ವಯಸ್ಸು ಕಳೆದವಳು ನಾನು. ಹೊಟ್ಟೆನೋವು ಎಂದು ಅಳುವ ಮಗುವಿನ ಕಿಸೆಯಲ್ಲಿ ಏನಿದೆ ಎಂದು ಮೊದಲು ನೋಡುವುದು ರೂಢಿ. ಮನೆಯಲ್ಲೂ ಅದೇ ಬುದ್ಧಿ. ಹಗ್ಗ ಕಂಡರೂ ಹಾವು ಅನ್ನುವವಳು ಎಂದು ಮಗ ಮಾಳಪ್ಪ ಆಡಿಕೊಳ್ಳುತ್ತಾನೆ.

ಏಳಲಾಗದ ಆ ದಿನಕ್ಕಿಂತ ಮುಂಚೆ ಅವರಿಗೆ ಮೊಣಕಾಲು ನೋವು ಬಂದಿತ್ತು. ಜಮಖಂಡಿಯ ಡಾಕ್ಟರು ರಕ್ತ ನೋಡಿ, ವಿಟಮಿನ್ ಡಿ ಕಡಿಮೆ ಇದೆ ಎಂದು ಒಂದು ಪುಡಿ ಬರೆದುಕೊಟ್ಟರು. ವಾರಕ್ಕೊಂದು ಪೊಟ್ಟಣ, ಹಾಲಿನಲ್ಲಿ. ಸೋಮವಾರ ಅದನ್ನು ಕಲಸಿಕೊಡುವ ಕೆಲಸ ಸೊಸೆ ಲಕ್ಷ್ಮಿಯದು. ಬಸ್ಸಿನಲ್ಲಿ ವಾಪಸು ಬರುವಾಗ ಮಾಳಪ್ಪ ಸುಮ್ಮನಿರದೆ ಒಂದು ಮಾತು ಆಡಿದ.

"ಅಪ್ಪಾ, ನಿನ್ನ ಕೈಲೆ ಇನ್ನ ನಡಿಯಾಕ ಆಗಂಗಿಲ್ಲ. ಕುರಿ ಮಾರಿಬಿಡೂಣು."

ಅವರು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತ ಕೂತರು.

ಪುಡಿ ಶುರುವಾದ ಮೇಲೆ ನೋವು ಇಳಿಯಬೇಕಿತ್ತು. ಇಳಿದದ್ದು ಶಕ್ತಿ. ತೊಡೆಯಲ್ಲಿ ಜೀವವೇ ಇಲ್ಲ ಅನ್ನುತ್ತಿದ್ದರು. ಊಟ ಸೇರದು. ಚರಿಗೆಗಟ್ಟಲೆ ನೀರು ಕುಡಿಯುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು. ಮಲಬದ್ಧತೆ. ವಾಂತಿ. ನನ್ನ ಸಂಶಯ ಮೊದಲು ಹೋದದ್ದು ಪುಡಿಯ ಮೇಲೆಯೇ. ಮಾಳಪ್ಪನ ಮೊಬೈಲಿನಲ್ಲಿ ಹುಡುಕಿಸಿದೆ. ಆ ಔಷಧಿಯ ಸೈಡ್ ಎಫೆಕ್ಟ್‌ಗಳಲ್ಲಿ ನಿಶ್ಶಕ್ತಿಯೂ ಇತ್ತು, ಬಾಯಾರಿಕೆಯೂ ಇತ್ತು, ವಾಂತಿಯೂ ಇತ್ತು.

ಊರ ಡಾಕ್ಟರಿಗೆ ಹೇಳಿದರೆ ನಕ್ಕರು.

"ವಿಟಮಿನ್‌ಲೆ ಯಾರಿಗರ ನಿಶ್ಶಕ್ತಿ ಆಗ್ತೈತೇನ್ರಿ ಟೀಚರ? ನೀವ ಹುಡುಗರಿಗೆ ಚಮಚೆಲೆ ಹಾಕ್ತೀರಲ್ಲ?"

ಹಾಕುತ್ತೇನೆ. ವಿಟಮಿನ್ ಎ. ಆ ಚಮಚಕ್ಕೆ ಅಳತೆಯ ಗೆರೆ ಯಾಕೆ ಕೊರೆದಿದ್ದಾರೆ ಎಂದು ನಾನು ಯಾವತ್ತೂ ಕೇಳಿದವಳಲ್ಲ. ಡಾಕ್ಟರು ಒಂದು ಸಲೈನ್ ಹಚ್ಚಿ ಕಳಿಸಿದರು.

ಇದೇ ಹೊತ್ತಿಗೆ ಮನೆಯಲ್ಲಿ ಒಂದು ಕಳ್ಳತನ ನಡೆದಿತ್ತು. ನಮ್ಮ ಎಮ್ಮೆ ಆ ಸಲ ಈದ ಮೇಲೆ ನೆಲ ಹಿಡಿದಿತ್ತು. ಕುತ್ತಿಗೆ ಹೊರಳಿಸಿ ಮಲಗಿದ್ದ ಅದಕ್ಕೆ ದನದ ಡಾಕ್ಟರು ಬಂದು ನರಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರು. ನೋಡನೋಡುತ್ತಿದ್ದಂತೆ ಎದ್ದು ನಿಂತಿತು. ಆಮೇಲೆ ದಿನಾ ಕುಡಿಸಲು ದೊಡ್ಡ ಡಬ್ಬಿಯೊಂದನ್ನು ಕೊಟ್ಟುಹೋದರು. ಬೆಳ್ಳಗೆ, ಮಂದಗೆ, ಐಸ್‌ಕ್ರೀಮಿನ ವಾಸನೆ. ಆ ಡಬ್ಬಿ ಖಾಲಿಯಾಗುವ ವೇಗ ನನಗೆ ಹಿಡಿಸಲಿಲ್ಲ. ಒಂದು ಮುಗಿದು ಇನ್ನೊಂದು ತಂದರೆ ಅದೂ ಹಾಗೆಯೇ ಇಳಿಯುತ್ತಿತ್ತು. ಲಕ್ಷ್ಮಿ ತೇರದಾಳದ ತವರಿಗೆ ಸಾಗಿಸುತ್ತಿದ್ದಾಳೆ ಎಂದುಕೊಂಡೆ. ಅವಳ ತವರಲ್ಲೂ ಎಮ್ಮೆ ಇದೆ.

"ಲಕ್ಷ್ಮೀ, ಎಮ್ಮಿಗೆ ಎಷ್ಟ ಹಾಕತಿ?"

"ಡಾಕ್ಟರ್ ಹೇಳಿದಷ್ಟರಿ ಅತ್ತಿ."

ಅವಳು ನನ್ನ ಮುಖ ನೋಡದೆ ಹೇಳಿದಳು. ನನಗೆ ಅಷ್ಟೇ ಸಾಕಾಯಿತು.

ಒಂದು ಬೆಳಗ್ಗೆ ನನ್ನ ಗಂಡ ಹಟ್ಟಿಯಲ್ಲಿ ಕುರಿಗಳ ನಡುವೆ ನಿಂತು ನನ್ನನ್ನು ಕೂಗಿದರು.

"ಕುರಿ ಎಲ್ಲಿ ಹೋದುವು?"

ಕುರಿಗಳು ಅವರ ಕಾಲಿಗೆ ಮೈ ಉಜ್ಜುತ್ತಿದ್ದವು.

ಜಮಖಂಡಿಗೆ ಕರೆದೊಯ್ದು ಅಡ್ಮಿಟ್ ಮಾಡಿದೆವು. ಪುಡಿ ಬರೆದುಕೊಟ್ಟಿದ್ದ ಡಾಕ್ಟರೇ ರಿಪೋರ್ಟ್ ಹಿಡಿದು ಬಂದರು. ಅವರು ನಗಲಿಲ್ಲ.

"ರಕ್ತದಾಗ ಕ್ಯಾಲ್ಸಿಯಂ ಭಾಳ ಏರೈತಿ. ಕಿಡ್ನಿಗೂ ತ್ರಾಸ ಆಗೇತಿ. ವಿಟಮಿನ್ ಡಿ ಅತಿ ಆದ್ರ ಹಿಂಗಾಗ್ತೈತಿ. ಬುದ್ಧಿ ಗಲಿಬಿಲಿ ಆಗೂದು, ನಿಶ್ಶಕ್ತಿ ಎಲ್ಲಾ ಅದರಿಂದಾನ. ಆದ್ರ ನಾ ಕೊಟ್ಟ ಪುಡಿ ವಾರಕ್ಕೊಂದು. ಅದರಿಂದ ಇಷ್ಟಾಗಂಗಿಲ್ಲ. ಮತ್ತೇನ ತಗೋತಾರಿವರು?"

"ಏನೂ ಇಲ್ಲರಿ" ಎಂದೆ.

"ಕಿಡ್ನಿ ಉಳೀಬೇಕಂದ್ರ ಖರೆ ಹೇಳ್ರಿ."

ನನ್ನ ಗಂಡ ಉಳಿಯುತ್ತಾರೋ ಇಲ್ಲವೋ ಎಂಬ ಭಯ ಮೊದಲ ಸಲ ಎದೆಗೆ ಬಂದು ಕೂತಿತು. ಭಯ ಬಂದಾಗ ನನ್ನ ಸಂಶಯಕ್ಕೆ ಕಾಲು ಬರುತ್ತದೆ. ಅದು ನೇರ ಸೊಸೆಯ ಹತ್ತಿರ ಹೋಯಿತು. ಪುಡಿಯನ್ನು ದಿನಾ ಕೊಟ್ಟಳೋ? ಮರೆತು ಕೊಟ್ಟಳೋ, ಗೊತ್ತಿದ್ದೇ ಕೊಟ್ಟಳೋ? ಗೊತ್ತಿದ್ದೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಾಳಪ್ಪನ ಎದುರು ಅದನ್ನು ಆಡಿಬಿಟ್ಟಿದ್ದರೆ ಇವತ್ತು ನಮ್ಮ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು.

ಮನೆಯಲ್ಲಿರುವ ಔಷಧಿಯೆಲ್ಲ ತನ್ನಿರಿ ಎಂದರು ಡಾಕ್ಟರು. ಮಾಳಪ್ಪ ಬೈಕಿನಲ್ಲಿ ಹೋಗಿ ಒಂದು ಚೀಲ ತಂದು ಮಂಚದ ಮೇಲೆ ಸುರಿದ. ಪುಡಿಯ ಪೊಟ್ಟಣಗಳು ಉಳಿಯಬೇಕಾದಷ್ಟು ಉಳಿದಿದ್ದವು. ಲಕ್ಷ್ಮಿ ತಪ್ಪಿರಲಿಲ್ಲ. ತಲೆನೋವಿನ ಮಾತ್ರೆ, ನನ್ನ ಬಿಪಿ ಮಾತ್ರೆ, ನೋವಿನ ಎಣ್ಣೆ. ಅಷ್ಟೇ.

"ಇನ್ನ ಎಮ್ಮಿ ಡಬ್ಬಿ ಒಂದ ಉಳದೈತ್ರಿ ಸರ" ಎಂದ ಮಾಳಪ್ಪ, ಚೇಷ್ಟೆಗೆ.

ನನ್ನ ಗಂಡ ಗೋಡೆಯ ಕಡೆ ಹೊರಳಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆ ಗಳಿಗೆಯಲ್ಲಿ ನನಗೆ ಒಂದು ವಾಸನೆ ನೆನಪಾಯಿತು. ಎಷ್ಟೋ ದಿನ ಬೆಳಗ್ಗೆ ಅವರ ಮೀಸೆಯಿಂದ ಐಸ್‌ಕ್ರೀಮಿನ ವಾಸನೆ ಬರುತ್ತಿತ್ತು. ಬಸ್‌ಸ್ಟ್ಯಾಂಡಿಗೆ ಹೋಗಿ ಕದ್ದು ತಿನ್ನುತ್ತಾರೆ ಎಂದು ಸಿಟ್ಟು ಮಾಡಿದ್ದೆ.

"ನೀವು ಕುಡದ್ರೇನ್ರಿ?"

ಅವರು ಗೋಡೆಗೇ ಹೇಳಿದರು. "ಮದಲ ಒಂದ ಮುಚ್ಚಳ. ಆಮ್ಯಾಲ ಗ್ಲಾಸಿಲೆ."

"ಯಾಕ?"

"ನೆಲಾ ಹಿಡದ ಎಮ್ಮಿ ಎದ್ದ ನಿಂತಿತಲ್ಲ. ನೀನ ನೋಡಿದಿ."

ಅವರೇ ಮುಂದುವರಿಸಿದರು.

"ಕುಡದಂಗ ಕುಡದಂಗ ಕಾಲಾನ ಕಸುವು ಹೊಂಟಿತು. ಸಾಲವಲ್ದು ಅಂತ ಮತ್ತಷ್ಟ ಕುಡದೆ. ಇಂವಾ ಕುರಿ ಮಾರ್ತೀನಂದಾನಲ್ಲ."

ಮಾಳಪ್ಪ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು.

ಆ ಡಬ್ಬಿಯಲ್ಲೂ ಕ್ಯಾಲ್ಸಿಯಂ ಜೊತೆಗೆ ವಿಟಮಿನ್ ಡಿ ಇತ್ತಂತೆ, ಎಮ್ಮೆಯ ಅಳತೆಗೆ. ಡಾಕ್ಟರು ಪುಡಿ, ಹಾಲು, ಮೊಸರು ಎಲ್ಲ ನಿಲ್ಲಿಸಿದರು. ಸಲೈನ್ ಮೇಲೆ ಸಲೈನ್ ಹೋಯಿತು. ಈ ವಿಟಮಿನ್ ಮೈಯ ಕೊಬ್ಬಿನಲ್ಲಿ ಸೇರಿಕೊಂಡಿರುತ್ತದೆ, ಸಾವಕಾಶ ಇಳಿಯುತ್ತದೆ, ರಕ್ತ ನೋಡಿಸುತ್ತಲೇ ಇರಬೇಕು ಎಂದರು. ಕಿಡ್ನಿ ಮೊದಲಿನಂತಾಗುತ್ತದೆಯೇ ಎಂದರೆ "ನೋಡೂಣು" ಎಂದರು. ಆ ಮಾತನ್ನು ನಾನು ಇನ್ನೂ ಪೂರ್ತಿ ನಂಬಿಲ್ಲ.

ಈಗ ಮನೆಯಲ್ಲಿದ್ದಾರೆ. ನೆಲಕ್ಕೆ ಒಂದೇ ಕೈ ಊರಿ ಏಳುತ್ತಾರೆ. ದೂರದ ಅಡವಿ ಮಾಳಪ್ಪನ ಪಾಲಿಗೆ. ಇವರು ಒಂದಿಷ್ಟು ಮರಿಗಳನ್ನು ಬೇಲಿಯ ಗುಂಟ ಮೇಯಿಸುತ್ತಾರೆ. ಮಾರುವ ಮಾತು ಮತ್ತೆ ಬಂದಿಲ್ಲ. ಹಾಲಿಲ್ಲದ ಚಹಾ ಕುಡಿದು ಮುಖ ಕಿವುಚುತ್ತಾರೆ, ಎಮ್ಮೆಯ ಕಡೆ ನೋಡುತ್ತಾರೆ. ಬದುಕಿದ್ದಾರಲ್ಲ, ಕಿವುಚಲಿ ಬಿಡು ಅನಿಸುತ್ತದೆ.

ಒಂದು ದಿನ ಲಕ್ಷ್ಮಿ ರೊಟ್ಟಿ ಬಡಿಯುತ್ತ ಕೇಳಿದಳು. "ಅತ್ತಿ, ನನ್ನ ಮ್ಯಾಲ ಸಂಶೆ ಇತ್ತಲ್ಲರಿ?"

"ಇತ್ತವಾ."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಎಮ್ಮೆಯ ಡಬ್ಬಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ಆ ಪೆಟ್ಟಿಗೆಯ ಕೀಲಿ ನನ್ನ ಸೊಂಟದಲ್ಲಿತ್ತು. ಬಿಚ್ಚಿ ಅವಳ ಹಿಟ್ಟಿನ ಕೈಗೇ ಕೊಟ್ಟೆ.

ಬೆಳಗ್ಗೆ ಮಾತ್ರ ತಪಾಸಣೆ ನನ್ನದೇ. ಮೊದಮೊದಲು ನಾನೇ ಹೋಗಿ ಅವರ ಮೀಸೆ ಮೂಸುತ್ತಿದ್ದೆ. ಈಗ ಅವರೇ ಬರುತ್ತಾರೆ. ಕಂಬಳಿ ಹೆಗಲಿಗೆ ಹಾಕಿಕೊಂಡು ನನ್ನ ಎದುರು ನಿಂತು, ನನ್ನ ಅಂಗನವಾಡಿಯ ಮಕ್ಕಳ ಹಾಗೆ, ಹೇಳುವ ಮೊದಲೇ ಆ ಎಂದು ಬಾಯಿ ತೆರೆಯುತ್ತಾರೆ.