ಭೀಮಶಾನ ಕೈಗುಣ

ಗಣಿ ಸಾಹುಕಾರರ ಕಾರಿನ ಆಂಪ್ಲಿಫೈಯರ್ ಸುಟ್ಟವನು ನಾನು. ಭೀಮಶಾ ಅಲ್ಲ. ಆ ಹೊತ್ತಿಗೆ ಅವನು ನಮ್ಮೂರು ವಾಡಿಯಲ್ಲೇ ಇರಲಿಲ್ಲ — ವೈರ್ ತರಲು ಶಹಾಬಾದಿಗೆ ಹೋಗಿದ್ದ. ಇಷ್ಟೇ ಇಷ್ಟು ಮಾತು ಹೇಳಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಸ್ಟೇಷನ್ ರೋಡಿನಲ್ಲಿ ನಮ್ಮಿಬ್ಬರದೂ ಸೇರಿ ಒಂದು ಅಂಗಡಿ. ಲಾರಿ, ಜೀಪುಗಳ ವೈರಿಂಗ್, ಬ್ಯಾಟರಿ, ಹಾರ್ನ್ ಕೆಲಸ. ಬೋರ್ಡಿನ ಮೇಲೆ ಮಾತ್ರ ಹೆಸರು ನನ್ನದೊಂದೇ. ನಾನು ಸಾಹುಕಾರರ ಜಾತಿಯವನು. ಭೀಮಶಾ ಊರಾಚೆಯ ಓಣಿಯವನು, ಮನೆಯಲ್ಲಿ ಬುದ್ಧನ ಫೋಟೋ ಇಟ್ಟುಕೊಂಡವನು. ಬೋರ್ಡಿನ ಮೇಲೆ ಯಾರ ಹೆಸರಿದ್ದರೆ ಏನು ಅಂತ ಅವನೇ ನಕ್ಕು ಬಿಟ್ಟಿದ್ದ. ಅವನು ನಕ್ಕದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ. ನನಗೆ ಬೇಕಾದ್ದೂ ಅದೇ.

ನಮ್ಮ ಕಡೆ ಡ್ರೈವರುಗಳದೊಂದು ನಂಬಿಕೆ. ಹೊಸ ಗಾಡಿಯ ವೈರಿಂಗ್ ಮುಗಿದ ಮೇಲೆ ಮೊದಲ ಹಾರ್ನನ್ನು ಕೈಗುಣ ಚೆನ್ನಾಗಿರುವವರಿಂದ ಒತ್ತಿಸಬೇಕು. ಮಾಲಕರು ಏನೇ ಅನ್ನಲಿ, ಡ್ರೈವರುಗಳಿಗೆ ಭೀಮಶಾನ ಕೈಯೇ ಬೇಕು. ಅವನು ಒತ್ತಿದ ಗಾಡಿ ನಡುದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಚಿತ್ತಾಪುರ, ಸೇಡಂ ತನಕ ಮಾತಿತ್ತು. "ನೀವು ಸರೀರಿ, ಭೀಮಶಾ ಬರಲಿ" ಎಂದು ನನ್ನ ಅಂಗಡಿಯ ಮುಂದೆಯೇ ನನ್ನನ್ನು ಪಕ್ಕಕ್ಕೆ ಸರಿಸುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಒಳಗೆ — ಹೊಟ್ಟೆಕಿಚ್ಚು. ಬೇರೆ ಹೆಸರು ಯಾಕೆ ಕೊಡಲಿ ಅದಕ್ಕೆ?

ಕಲ್ಲಿನ ಗಣಿಯ ಸಾಹುಕಾರರು ಹೈದರಾಬಾದಿನಿಂದ ಒಂದು ಪರದೇಶದ ಕಾರು ತಂದಿದ್ದರು. ಸೀಟಿನ ಕೆಳಗೆ ಕಂಪನಿಯೇ ಕೂರಿಸಿದ ಆಂಪ್ಲಿಫೈಯರ್ ಡಬ್ಬಿ, ಬಾಗಿಲುಗಳಲ್ಲಿ ಸ್ಪೀಕರ್. ರೇಡಿಯೋ ಮಾತ್ರ ಸತ್ತಿತ್ತು. ಅದರ ಜಾಗದಲ್ಲಿ ಬೊಂಬಾಯಿಯಿಂದ ತರಿಸಿದ ಹೊಸ ಟೇಪು ಕೂರಿಸಿ, ಅದೇ ಹಳೆಯ ಡಬ್ಬಿ, ಅದೇ ಸ್ಪೀಕರುಗಳಿಂದ ಹಾಡು ಬರುವಂತೆ ಮಾಡಬೇಕಿತ್ತು. ಮಗಳ ಮದುವೆ. ಹುಡುಗಿ ಗಂಡನೂರು ಚಿಂಚೋಳಿಯ ತನಕ ಹಾಡು ಕೇಳುತ್ತ ಹೋಗಬೇಕೆಂದು ಅಪ್ಪನ ಆಸೆ. ಕಾರು ಬಿಟ್ಟು ಹೋಗುವಾಗ ಸಾಹುಕಾರರು ನನ್ನ ಕಿವಿಯಲ್ಲಿ ಹೇಳಿದರು: "ಮದಿವಿ ಗಾಡಿ ಅದ. ಅವನ ಕೈ ಹಚ್ಚಬ್ಯಾಡ."

ನಾನು "ಹೂಂರಿ" ಅಂದೆ. ಅವರ ಬೆನ್ನು ತಿರುಗಿದ ಕೂಡಲೇ ಕೆಲಸವನ್ನು ಭೀಮಶಾನಿಗೇ ಕೊಟ್ಟೆ — ಆ ಡಬ್ಬಿ ನನಗೆ ತಿಳಿಯುತ್ತಿರಲಿಲ್ಲ. ಕೆಲಸಕ್ಕೆ ಅವನ ಕೈ ಬೇಕು, ಅದು ನಾಲ್ಕು ಜನರ ಕಣ್ಣಿಗೆ ಬೀಳುವುದು ಬೇಡ. ನಾಚಿಕೆ ಆಗಬೇಕು ನನಗೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಲಾರಿಗಳಲ್ಲಿ ನಾವು ಎಳೆಯುವುದು ಒಂದೇ ವೈರು. ಎರಡನೆಯದರ ಕೆಲಸವನ್ನು ಗಾಡಿಯ ಕಬ್ಬಿಣದ ಬಾಡಿಯೇ ಮಾಡುತ್ತದೆ. ಅಲ್ಲೊಂದು ಸ್ಕ್ರೂ ಬಿಗಿದರೆ ಮುಗಿಯಿತು. ಅದಕ್ಕೆ "ಬಾಡಿಗೆ ಕೊಡುವುದು" ಅನ್ನುತ್ತೇವೆ. ಹೊಸಬರು ಕೇಳಿದರೆ ಇವರು ಯಾವುದೋ ಮನೆ ಬಾಡಿಗೆ ಕೊಟ್ಟರು ಎಂದುಕೊಳ್ಳಬೇಕು. ಆದರೆ ಆ ಕಾರಿನ ಡಬ್ಬಿ ಬೇರೆ ಜಾತಿಯದು. ಸ್ಪೀಕರಿನ ಎರಡೂ ವೈರು ಡಬ್ಬಿಗೇ ವಾಪಸ್ ಹೋಗಬೇಕು, ಬಾಡಿಗೆ ತಾಗಿದರೆ ಕೆಟ್ಟಿತು. ಹಿಂದಿನ ಬಾಗಿಲಿನ ಎರಡೂ ವೈರುಗಳನ್ನು ಇಲಿ ಕಡಿದಿತ್ತು. ನಮ್ಮಲ್ಲಿ ಉಳಿದದ್ದು ಒಂದಕ್ಕೆ ಸಾಕಾಗುವಷ್ಟು ತುಂಡು. ಭೀಮಶಾ ವೈರ್ ತರಲು ಹೋಗುವಾಗ ಹೇಳಿದ: "ನಾ ಬರೂತನಾ ಮುಟ್ಟಬ್ಯಾಡ. ಇದು ಲಾರಿ ಅಲ್ಲ. ಬಾಡಿಗಿ ಕೊಡಬ್ಯಾಡ."

ಮುಟ್ಟಬ್ಯಾಡ — ನನಗೆ! ನನ್ನ ಅಂಗಡಿಯಲ್ಲಿ, ನನ್ನ ಬೋರ್ಡಿನ ಕೆಳಗೆ! ಅವನು ಬೇರೆ ದನಿಯಲ್ಲಿ ಹೇಳಿದ್ದರೆ... ಇಲ್ಲ, ಯಾವ ದನಿಯಲ್ಲಿ ಹೇಳಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಅವನು ಕಣ್ಮರೆಯಾದದ್ದೇ ತಡ, ಇದ್ದ ತುಂಡನ್ನು ಎಳೆದೆ, ಸ್ಪೀಕರಿನ ಇನ್ನೊಂದು ವೈರಿನ ತುದಿಯನ್ನು ಬಾಗಿಲ ಬಾಡಿಗೆ ಸ್ಕ್ರೂ ಹಾಕಿ ಬಿಗಿದೆ. ಟೇಪು ಹಚ್ಚಿದೆ. ಹಾಡು ಬಂತು — ಸಣ್ಣಗೆ. ನೋಡು ಮಗನೆ, ಅಂದುಕೊಂಡು ದನಿ ಏರಿಸಿದೆ. ಚರಚರ ಎಂದಿತು, ಸೀಟಿನ ಕೆಳಗಿನಿಂದ ಹೊಗೆ ಎದ್ದಿತು, ಆಮೇಲೆ ಏನೂ ಇಲ್ಲ. ಅಂಥ ಡಬ್ಬಿ ಹೈದರಾಬಾದಿನಲ್ಲೂ ಸಿಗುವಂಥದ್ದಲ್ಲ.

ಸಾಹುಕಾರರೂ ಭೀಮಶಾನೂ ಹೆಚ್ಚು ಕಡಿಮೆ ಒಟ್ಟಿಗೇ ಬಂದರು. ಅವನ ಕೈಯಲ್ಲಿ ವೈರಿನ ಸುರುಳಿ. ಅಂಗಡಿ ಮುಂದೆ ಲಾರಿ ಅಡ್ಡೆಯ ಡ್ರೈವರುಗಳು ನೆರೆದಿದ್ದರು. ಸಾಹುಕಾರರು ಮೂಗು ಮುಚ್ಚಿಕೊಂಡು ಕೇಳಿದರು: "ಯಾರು ಕೈ ಹಚ್ಚಿದ್ರು?" ಭೀಮಶಾ ಬಾಗಿಲಿನ ಸ್ಕ್ರೂ ನೋಡಿದ. ಆಮೇಲೆ ನನ್ನ ಕಡೆ ನೋಡಿದ. "ಹೇಳು" ಅಂದ, ಮೆಲ್ಲಗೆ.

ನಾನು ಹೇಳಿದೆ: "ಅವನ ಕೈಗುಣ ಹಂಗ ಅದರಿ."

ನೋಡಿ, ನಾನು ಅವನೇ ಸುಟ್ಟ ಅನ್ನಲಿಲ್ಲ. ಅಷ್ಟು ಹುಷಾರಿ! ಸುಳ್ಳನ್ನೂ ಪೂರ್ತಿ ಹೇಳುವ ಧೈರ್ಯವಿಲ್ಲದ ಹೇಡಿ. ಹೇಳುವ ಅಗತ್ಯವೂ ಬೀಳಲಿಲ್ಲ, ಉಳಿದದ್ದನ್ನು ಸಾಹುಕಾರರೇ ಪೂರ್ತಿ ಮಾಡಿದರು. "ಮೊದಲೇ ಹೇಳಿದ್ನಲ್ಲ!" ಎಂದು ಅವನ ಜಾತಿ ಹಿಡಿದು ಬೈದರು. ಅವನಿಂದಲೇ ಹಾರ್ನ್ ಒತ್ತಿಸಿಕೊಂಡ ಡ್ರೈವರುಗಳು ನೆಲ ನೋಡುತ್ತ ನಿಂತರು. ಒಬ್ಬನಾದರೂ "ಅವ ಊರಾಗೇ ಇರಲಿಲ್ಲಲ್ರಿ" ಅನ್ನಬಾರದಿತ್ತೆ? ಅವರ ಮೇಲೂ ನನಗೆ ಸಿಟ್ಟಿದೆ. ಆದರೆ ಬೆಂಕಿ ಹಚ್ಚಿದವನು, ನೀರು ತರಲಿಲ್ಲವೆಂದು ಊರನ್ನು ಬೈಯುವುದು ಯಾವ ನ್ಯಾಯ?

ಭೀಮಶಾ ಸುರುಳಿಯನ್ನು ಕಟ್ಟೆಯ ಮೇಲಿಟ್ಟು ಹೋದ. ಮತ್ತೆ ಬರಲಿಲ್ಲ, ನಾನೂ ಕರೆಯಲಿಲ್ಲ. ಕೈಗುಣ ಕೆಟ್ಟವನೆಂಬ ಮಾತು ಅವನಿಗಿಂತ ಮೊದಲು ಊರೂರು ಮುಟ್ಟಿತು. ಸೇಡಂನಲ್ಲಿ ಅವನಿಗೆ ಯಾರೂ ಗಾಡಿ ಮುಟ್ಟಲು ಬಿಡಲಿಲ್ಲ. ಕೊನೆಗೆ ಶಹಾಬಾದಿನ ಗಣಿಯೊಂದರಲ್ಲಿ ಕಲ್ಲು ಹೊರಲು ನಿಂತ. ಹಾರ್ನ್ ಒತ್ತಲು ಡ್ರೈವರುಗಳು ನನ್ನನ್ನು ಕರೆಯತೊಡಗಿದರು. ನಾನು ಒತ್ತಿದೆ. ವರ್ಷಗಟ್ಟಲೆ ಒತ್ತಿದೆ.

ಮೊನ್ನೆ ಒಬ್ಬರು ಹೊಸ ಲಾರಿ ತಂದು, "ನಿಮ್ಮ ಕೈಗುಣ ಭಾಳ ಛಲೋ ಅದರಿ" ಅಂದರು. ನನಗೆ ತಡೆಯಲಾಗಲಿಲ್ಲ. ನಾಳೆ ಬರ್ರಿ ಎಂದು ಅವರನ್ನು ಕಳಿಸಿ ಸೀದಾ ಶಹಾಬಾದಿಗೆ ಹೋದೆ. ಭೀಮಶಾನ ಬೆರಳುಗಳು ಈಗ ಪೂರ್ತಿ ಮಡಚುವುದಿಲ್ಲ. ನಾನು ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡ.

"ಗೊತ್ತಿತ್ತು. ಸ್ಕ್ರೂ ನೋಡಿದ್ನಲ್ಲ."

"ಮತ್ತ ಅವತ್ತ ಯಾಕ ಹೇಳಲಿಲ್ಲ?" — ಹೀಗೆ ಕೇಳಿದವನೂ ನಾನೇ.

"ನನ್ನ ಮಾತು ಯಾರು ಕೇಳ್ತಿದ್ರು?" ಅಂದ. ಆಮೇಲೆ ಅಂದ: "ನನ್ನ ಮುಂದ ಹೇಳಿ ಏನ್ ಬಂತು? ಯಾರ ಮುಂದ ಕೈಗುಣ ಅಂದಿದ್ದಿ, ಅವರ ಮುಂದ ಹೇಳು." ಕುಂದ್ರು ಎಂದು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಮರುದಿನ ಲಾರಿ ಅಡ್ಡೆಯಲ್ಲಿ ನಿಂತು ಹೇಳಿದೆ. ಸ್ಕ್ರೂ, ಹೊಗೆ, ನನ್ನ ಹೊಟ್ಟೆಕಿಚ್ಚು, ಏನನ್ನೂ ಬಿಡದೆ. ಹೊಸ ಲಾರಿಯ ಮಾಲಕರು ಪೂರ್ತಿ ಕೇಳಿ, "ಒಪ್ಪಿಕೊಂಡ್ರಲ್ಲ, ದೊಡ್ಡ ಮನಸ ನಿಮ್ದು. ಬರ್ರಿ, ಹಾರ್ನ್ ಒತ್ರಿ" ಅಂದರು.

"ಭೀಮಶಾನ್ನ ಕರಸ್ರಿ" ಅಂದೆ.

ಅವರು ಅತ್ತ ಇತ್ತ ನೋಡಿದರು. "ಯಾಕ್ರಿ ಸುಮ್ನ... ಹೊಸಾ ಗಾಡಿ ಅದ."

ನಾನು ಒತ್ತಲಿಲ್ಲ. ಅವರು ಬೇರೆ ಯಾರದೋ ಕೈಯಿಂದ ಒತ್ತಿಸಿಕೊಂಡು ಹೋದರು. ಅಂಗಡಿಯಲ್ಲಿ ಕೂತು ಆ ಹಾರ್ನ್ ಕೇಳಿದೆ. ಅವತ್ತು ಒಂದೇ ಉಸಿರಿಗೆ ನಾನು ಆಡಿದ ಕೈಗುಣದ ಮಾತು ಇನ್ನೂ ಓಡಾಡುತ್ತಲೇ ಇದೆ, ನಾನು ಕೂಗಿ ಹೇಳಿದರೂ ನಿಲ್ಲುತ್ತಿಲ್ಲ. ನಾಳೆ ಇನ್ನೊಂದು ಗಾಡಿ ಬರುತ್ತದೆ. ಅದರ ಮುಂದೆಯೂ ನಿಂತು ಹೇಳುತ್ತೇನೆ: ಸುಟ್ಟವನು ನಾನು.