ದೀಪ ಹಚ್ಚಿದ ಮೇಲೆ ಹೆಪ್ಪು

ನಮ್ಮಮ್ಮನಿಗೂ ದೊಡ್ಡಮ್ಮನಿಗೂ ನಡುವೆ ಇದ್ದದ್ದು ತುಮಕೂರು ರಸ್ತೆಯೊಂದೇ. ಅಕ್ಕತಂಗಿಯರಿಬ್ಬರನ್ನೂ ನಾಗಸಂದ್ರದ ಹತ್ತಿರವೇ ಮದುವೆ ಮಾಡಿ ಕೊಟ್ಟಿದ್ದರು. ಅಮ್ಮನನ್ನು ರಸ್ತೆಯ ಈ ಕಡೆಗೆ, ದೊಡ್ಡಮ್ಮನನ್ನು ಆ ಕಡೆಗೆ. ಆಗಲೂ ಲಾರಿಗಳು ಓಡಾಡುತ್ತಿದ್ದವು, ಇಲ್ಲವೆಂದಲ್ಲ. ಆದರೆ ನಡುನಡುವೆ ಬಿಡುವು ಕೊಡುತ್ತಿದ್ದವು. ಆ ಬಿಡುವಿನಲ್ಲಿ ಎಮ್ಮೆಗಳು ದಾಟುತ್ತಿದ್ದವು, ಎಮ್ಮೆಗಳ ಹಿಂದೆ ಅಮ್ಮ ದಾಟುತ್ತಿದ್ದಳು.

ಹೋಗಿಬರಲು ಏನಾದರೂ ಒಂದು ನೆಪ ಬೇಕಿತ್ತು, ಅಷ್ಟೆ. ಹಿತಕಿದ ಅವರೆಬೇಳೆ ಸಾರು ಮಾಡಿದರೆ ಒಂದು ಡಬರಿ ಆ ಕಡೆಗೆ ಹೋಗಲೇಬೇಕು. ಆ ಕಡೆಯಿಂದ ದೊಡ್ಡಮ್ಮ ಬರುತ್ತಿದ್ದದ್ದು ಹೆಚ್ಚಾಗಿ ಹೆಪ್ಪಿಗೆ. ಆಕೆಗೆ ಮಜ್ಜಿಗೆ ಎಂದರೆ ಪ್ರಾಣ. ಇದ್ದಬದ್ದ ಮೊಸರನ್ನೆಲ್ಲ ಮಧ್ಯಾಹ್ನವೇ ಕಡೆದು ಕುಡಿದು, ಸಂಜೆ ಹಾಲು ಕಾಯಿಸಿದ ಮೇಲೆ ನೋಡಿದರೆ ಹೆಪ್ಪು ಹಾಕಲು ಒಂದು ಚಮಚ ಮೊಸರೂ ಇರುತ್ತಿರಲಿಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, ಖಾಲಿ ಡಬರಿ ಹಿಡಿದು ಬಂದುಬಿಡುತ್ತಿದ್ದಳು. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಯಾವುದನ್ನೂ ಮನೆಯಿಂದ ಆಚೆ ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಅಮ್ಮ ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಪಕ್ಕದ ಮನೆಯವರು ಕೇಳಿದರೂ ಬೆಳಿಗ್ಗೆ ಬನ್ನಿ ಎಂದು ಕಳಿಸುತ್ತಿದ್ದಳು. ದೊಡ್ಡಮ್ಮ ಬಂದರೆ ಮಾತ್ರ, ದೇವರ ಮುಂದೆ ದೀಪ ಉರಿಯುತ್ತಿರುವಾಗಲೇ, ಗಡಿಗೆಗೆ ಕೈ ಹಾಕುತ್ತಿದ್ದಳು. ಇದೇನು ನ್ಯಾಯ ಎಂದು ನಾನು ಒಮ್ಮೆ ಕೇಳಿಯೇಬಿಟ್ಟೆ.

"ಅಯ್ಯೋ ನಿನ್ನ, ಅವಳಿಗೆ ಕೊಟ್ರೆ ಆಚೆ ಕೊಟ್ಟಂಗಾಯ್ತದೇನೇ?" ಅಂದಳು.

ಆಮೇಲೆ ರಸ್ತೆ ಬೆಳೆಯತೊಡಗಿತು. ಆ ವರ್ಷಗಳನ್ನು ನೆನೆದರೆ ನನಗೆ ಎಲ್ಲವೂ ನಿದ್ದೆಗಣ್ಣಿನಲ್ಲಿ ಕಂಡ ಹಾಗೆಯೇ ಇದೆ. ರಾಗಿ ಹೊಲವಿದ್ದ ಕಡೆ ಅಪ್ಪ ಸಾಲಾಗಿ ಶೀಟಿನ ಮನೆಗಳನ್ನು ಕಟ್ಟಿಸಿದ. ಕೊಪ್ಪಳ, ರಾಯಚೂರಿನ ಕಡೆಯವರು ಬಾಡಿಗೆಗೆ ಬಂದರು. ಬೆಳಗಾದರೆ ನಮ್ಮ ಹಿತ್ತಲಲ್ಲಿ ರೊಟ್ಟಿ ಬಡಿಯುವ ಸದ್ದು. ಸಂಜೆ ನಾನೂ ಅಮ್ಮನೂ ತಾರಸಿ ಹತ್ತಿದರೆ ಕೆಂಪು ಧೂಳಿನ ಆಚೆ ದೊಡ್ಡಮ್ಮನ ತಾರಸಿ ಕಾಣುತ್ತಿತ್ತು, ಅಲ್ಲಿ ಒಣಗುತ್ತಿದ್ದ ಸೀರೆಗಳು ಕಾಣುತ್ತಿದ್ದವು. "ಇವತ್ತು ಬದನೆಕಾಯಿ ಬಣ್ಣದ್ದು ಒಗೆದವ್ಳೆ" ಎನ್ನುತ್ತಿದ್ದಳು ಅಮ್ಮ. ಅಷ್ಟರಲ್ಲಿ ರಸ್ತೆಯ ಮೇಲೊಂದು ರಸ್ತೆ ಎದ್ದಿತು. ಒಂದೊಂದೇ ಕಂಬ, ಒಂದೊಂದೇ ತೊಲೆ, ಕೊನೆಗೊಂದು ದಿನ ಸೀರೆಗಳು ಕಾಣದಾದವು. ಕೆಳಗೆ, ರಸ್ತೆಯ ನಡುವೆ, ಎದೆಮಟ್ಟಕ್ಕೆ ಕಬ್ಬಿಣದ ಗ್ರಿಲ್ ಬಂತು.

ಒಂದು ಅವರೆಕಾಯಿ ಕಾಲದಲ್ಲಿ ಅಮ್ಮ ಹಟ ಹಿಡಿದು ಸಾರಿನ ಡಬರಿಯೊಂದಿಗೆ ಹೊರಟೇಬಿಟ್ಟಳು. ಬೇಡ ಅಂದರೂ ಕೇಳಲಿಲ್ಲ, ನಾನೂ ಜೊತೆಗೆ ಹೋದೆ. ಗ್ರಿಲ್ಲಿನ ಸರಳನ್ನು ಯಾರೋ ಬಗ್ಗಿಸಿದ್ದ ಕಡೆ ನುಸುಳಲು ನೋಡುತ್ತಿದ್ದಾಗ ಬಸ್ಸೊಂದು ಹಾರ್ನ್ ಹೊಡೆದ ಅಬ್ಬರಕ್ಕೆ ಅವಳ ಕೈಯಿಂದ ಡಬರಿ ಜಾರಿ ಬಿತ್ತು. ಸಾರೆಲ್ಲ ಟಾರಿನ ಪಾಲು. ವಿಷಯ ತಿಳಿದ ಅಪ್ಪ ಹೌಹಾರಿ ಹೋದ.

"ಸಾಯ್ಬೇಕು ಅಂತ ಮಾಡಿದೀಯಾ? ಆಟೋ ಮಾಡ್ಕೊಂಡು ಓಗು, ಯಾರ್ ಬ್ಯಾಡ ಅಂದ್ರು?"

"ಆಟೋನಾಗೆ ಓಗೋಕೆ ನಾನೇನ್ ಅವಳಿಗೆ ನೆಂಟ್ರಾ?"

ಇವಳದ್ದೊಂದು ಅತಿಯಾಯಿತು ಎಂದುಕೊಂಡಿದ್ದೆ ನಾನು. ಎಷ್ಟೋ ತಿಂಗಳು ಬಿಟ್ಟು ನಾನೇ ಒತ್ತಾಯ ಮಾಡಿ ಒಂದು ಭಾನುವಾರ ಆಟೋದಲ್ಲಿ ಕರೆದುಕೊಂಡು ಹೋದೆ. ಅಲ್ಲೆಲ್ಲೋ ದೂರ ಹೋಗಿ ತಿರುಗಿಸಿಕೊಂಡು ಬರಬೇಕು. ಅಷ್ಟು ದೂರ ಹೋಗುವುದೆಂದರೆ ಒಳ್ಳೆಯ ಸೀರೆ ಉಡಬೇಕು, ಬಾಳೆಹಣ್ಣು ಕೊಳ್ಳಬೇಕು. ದೊಡ್ಡಮ್ಮ ಗಾಬರಿಯಾಗಿ ಪ್ಲಾಸ್ಟಿಕ್ ಕುರ್ಚಿ ಒರೆಸಿ ಹಾಕಿದಳು, ಮಗನನ್ನು ಅಂಗಡಿಗೆ ಓಡಿಸಿ ಜ್ಯೂಸ್ ತರಿಸಿದಳು. ಹೊರಡುವಾಗ ಕುಂಕುಮ ಕೊಟ್ಟು, ಎಲೆಅಡಿಕೆಯ ಜೊತೆ ರವಿಕೆ ಕಣವನ್ನೂ ಇಟ್ಟು, "ಆಗಾಗ ಬತ್ತಾ ಇರಿ" ಎಂದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಬರೀ ಭಾನುವಾರಕ್ಕೆ ರವಿಕೆ ಕಣ! ಅಮ್ಮ ಮನೆಗೆ ಬಂದು ಅದನ್ನು ಟ್ರಂಕಿನ ತಳಕ್ಕೆ ತುರುಕಿ, ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು.

"ಕಣ ಕೊಟ್ಟು ಕಳಿಸ್ಬಿಟ್ಲು ಕಣೇ ನಮ್ಮಕ್ಕ."

ಆ ರಸ್ತೆಯ ಮೇಲೆ ನನಗೆ ಸಿಟ್ಟು ಬಂದದ್ದು ಅವತ್ತೇ. ಇಡೀ ಊರು ಇನ್ನೆಲ್ಲಿಗೋ ಬೇಗ ಹೋಗಲೆಂದು ಮಾಡಿದ ರಸ್ತೆಯಂತೆ, ನಮ್ಮಮ್ಮನಿಗೆ ಎದುರು ಮನೆಗೆ ಹೋಗಲು ದಾರಿಯಿಲ್ಲ.

ಕೆಲವು ವರ್ಷಗಳಾದ ಮೇಲೆ ಮೆಟ್ರೊ ಬಂತು. ನಾನು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದ್ದೆ, ರೈಲಿನಲ್ಲೇ ಓಡಾಟ. ಒಂದು ಸಂಜೆ ನಾಗಸಂದ್ರದಲ್ಲಿ ಇಳಿದವಳು ದಿನವಿಡೀ ನಿಂತ ಸುಸ್ತಿನಲ್ಲಿ ಜನರ ಹಿಂದೆಯೇ ಹೋಗಿ ಬೇರೆ ಮೆಟ್ಟಿಲು ಇಳಿದುಬಿಟ್ಟೆ. ಕಣ್ಣೆತ್ತಿ ನೋಡಿದರೆ ದೊಡ್ಡಮ್ಮನ ಬೀದಿ! ಅದೇ ಹಿಟ್ಟಿನ ಗಿರಣಿ, ಅದೇ ಹೊಂಗೆ ಮರ. ಕನಸೋ ಏನೋ ಎಂದು ಅಲ್ಲೇ ಸುಮ್ಮನೆ ನಿಂತೆ. ತಿರುಗಿ ಮೆಟ್ಟಿಲು ಹತ್ತಿದರೆ ಯಾರೂ ಟಿಕೆಟ್ ಕೇಳಲಿಲ್ಲ. ಗೇಟಿನ ಒಳಗೆ ಹೋಗದೆ, ಅಂಗಳದಂಥ ಆ ಉದ್ದನೆಯ ಜಾಗವನ್ನು ದಾಟಿದರೆ ನಮ್ಮ ಕಡೆಯ ಮೆಟ್ಟಿಲು. ಒಂದೇ ಉಸಿರಿಗೆ ಮನೆಗೆ ಓಡಿದೆ.

"ಟಿಕೇಟಿಲ್ದೆ ಬಿಡ್ತಾರೇನೇ? ಸುಮ್ಕಿರು," ಎಂದಳು ಅಮ್ಮ. ಆದರೂ ಫೋನ್ ಮಾಡಿದಳು. ಮಾರನೆಯ ಸಂಜೆ ಇಬ್ಬರೂ ಸ್ಟೇಷನ್ನಿನ ಆ ಅಂಗಳದ ನಡುವೆ ಸಿಕ್ಕಬೇಕೆಂದು ಮಾತಾಯಿತು.

ದೊಡ್ಡಮ್ಮ ಬಂದದ್ದು ರೇಷ್ಮೆ ಸೀರೆಯಲ್ಲಿ. ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಬಾಳೆಹಣ್ಣಿನ ಕವರ್. ಅಮ್ಮನ ಮುಖ ಬಾಡಿಹೋಯಿತು.

"ಯಾರ ಮದ್ವೆಗಕ್ಕ ಒಂಟಿರೋದು ನೀನು?"

"ದೊಡ್ಡ ಜನ ಓಡಾಡೋ ಜಾಗ ಅಲ್ವೇನೇ ಇದು?"

ಲ್ಯಾಪ್‌ಟಾಪ್ ಚೀಲದವರು, ಫ್ಯಾಕ್ಟರಿ ಹುಡುಗಿಯರು ಇಬ್ಬರನ್ನೂ ಬಳಸಿಕೊಂಡು ಹೋಗುತ್ತಿದ್ದರು. ಮಂಡಿ ನೋವೆಂದು ಇಬ್ಬರೂ ಗೋಡೆ ಬದಿಗೆ ಕುಳಿತರು. ಕೊಪ್ಪಳದ ಕಡೆಯ ಸೆಕ್ಯುರಿಟಿಯವನು ಬಂದು, "ಅವ್ವಾರ, ಇಲ್ಲಿ ಕುಂದ್ರಂಗಿಲ್ರಿ" ಎಂದ. ದೊಡ್ಡಮ್ಮ ಅವನ ಕೈಗೂ ಒಂದು ಬಾಳೆಹಣ್ಣು ಕೊಟ್ಟಳು. ಅವನು ಅದನ್ನು ಸುಲಿಯುತ್ತಾ ಬೇರೆ ಕಡೆ ನೋಡಿದ. ಹೀಗೇ ಕೆಲವು ವಾರ ನಡೆಯಿತು. ಪ್ರತಿ ಸಲವೂ ಒಳ್ಳೆಯ ಸೀರೆ, ಪ್ರತಿ ಸಲವೂ ಹಣ್ಣು. "ಇವಳ ಹಣ್ಣಿಗಿಷ್ಟು ಬೆಂಕಿ ಹಾಕ" ಎಂದು ಅಮ್ಮ ಮನೆಗೆ ಬಂದು ಗೊಣಗುತ್ತಿದ್ದಳು.

ಆಮೇಲೊಂದು ಸಂಜೆ. ಅಮ್ಮ ಆಗತಾನೇ ದೀಪ ಹಚ್ಚಿ ಕೈ ಮುಗಿಯುತ್ತಿದ್ದಳು. ಬಾಗಿಲಲ್ಲಿ ಏದುಸಿರು ಕೇಳಿ ತಿರುಗಿದರೆ ದೊಡ್ಡಮ್ಮ. ಮಾಸಿದ ಹತ್ತಿ ಸೀರೆ, ಕೆದರಿದ ಕೂದಲು, ಕೈಯಲ್ಲಿ ಖಾಲಿ ಡಬರಿ.

"ಎಪ್ಪು ಐತೇನೇ? ಆಲು ಕಾಯ್ಸಿಟ್ಬಿಟ್ಟು ನೋಡ್ತೀನಿ, ಒಂದ್ ಚಮಚ ಮೊಸರಿಲ್ಲ."

"ದೊಡ್ಡಮ್ಮ, ನಿಮ್ಮ ಬೀದಿ ಅಂಗಡೀಲೇ ಪ್ಯಾಕೆಟ್ ಮೊಸರು ಸಿಗುತ್ತಲ್ಲ..." ಎಂದು ಶುರು ಮಾಡಿದೆ.

"ಏಯ್, ಬಾಯ್ಮುಚ್ಚೇ!" ಎಂದು ಅಮ್ಮ ನನ್ನ ಮೇಲೆ ಹರಿಹಾಯ್ದಳು.

ದೇವರ ಮುಂದೆ ದೀಪ ಉರಿಯುತ್ತಿರುವಾಗಲೇ ಮೊಸರಿನ ಗಡಿಗೆಯನ್ನು ಎತ್ತಿಕೊಂಡು ಬಂದಳು. ಹೆಪ್ಪಿಗೆ ಒಂದು ಚಮಚ ಸಾಕು. ಅರ್ಧ ಡಬರಿ ಸುರಿದಳು. ದೊಡ್ಡಮ್ಮ ಕುಳಿತುಕೊಳ್ಳಲಿಲ್ಲ, ನೀರು ಕೇಳಲಿಲ್ಲ. "ಆಲು ಆರೋಯ್ತದೆ" ಎಂದು ಸೆರಗು ಸಿಕ್ಕಿಸಿಕೊಂಡು, ಸ್ಟೇಷನ್ನಿನ ದೀಪಗಳ ಕಡೆಗೆ ಕುಂಟುತ್ತಾ ನಡೆದೇಬಿಟ್ಟಳು.

ಅಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಕಣ್ಣಲ್ಲಿ ನೀರು, ಮುಖದ ತುಂಬ ನಗು.

"ಓಗ್ಬತ್ತೀನಿ ಅಂತಾನೂ ಅನ್ಲಿಲ್ಲ ನೋಡೇ ಅವಳು," ಎಂದಳು.