ದೋಣಿಗೆ ಹಾಕಿದ ಟವೆಲ್

ಬಸ್ಸಿಗೆ ಟವೆಲ್ ಹಾಕಿ ಸೀಟು ಹಿಡಿಯುವವರನ್ನು ನೀವು ನೋಡಿದ್ದೀರಿ. ನೀವೇ ಹಾಕಿರಲೂಬಹುದು. ಆದರೆ ದೋಣಿಗೆ ಟವೆಲ್ ಹಾಕಿದವರನ್ನು ನೋಡಿದ್ದೀರಾ? ನಾನು ನೋಡಿದೆ, ಕಳೆದ ಭಾನುವಾರ. ಅವರು ನಮ್ಮ ಸ್ವಂತ ಕಾಕಾ.

ದೊಡವಾಡದ ಈ ಕಾಕಾ ಧಾರವಾಡದ ಬಸ್ಸಿನಲ್ಲಿ ಒಮ್ಮೆಯೂ ನಿಂತು ಹೋದವರಲ್ಲ. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಷ್ಟರಲ್ಲಿ ಅವರ ಟವೆಲ್ ಕಿಟಕಿಯಿಂದ ಹಾರಿ ಸೀಟಿನ ಮೇಲೆ ಕೂತಿರುತ್ತದೆ. ಆಮೇಲೆ ಅಲ್ಲಿ ಬೇರೆ ಯಾರೂ ಕೂಡುವ ಹಾಗಿಲ್ಲ. (ಈ ಕಾನೂನು ಎಲ್ಲಿ ಬರೆದಿದೆ ಎಂದು ಕೇಳಬೇಡಿ. ನಮ್ಮ ಕಡೆ ಅದನ್ನು ಮೀರಿದವರಿಲ್ಲ.) ಮದುವೆ ಮನೆಗಳಲ್ಲಿ ನೆಂಟರು ಅವರ ಗುರಿಯನ್ನು ಹೊಗಳುತ್ತಾರೆ, ಕಾಕಾ ಮೀಸೆಯಲ್ಲೇ ನಗುತ್ತಾರೆ.

ಭಾನುವಾರ ಕಾಕಾ, ಅವರ ಹೆಂಡತಿ ಚಿಗವ್ವ, ನಾನು ಸವದತ್ತಿ ಹತ್ತಿರದ ಹಿನ್ನೀರಿಗೆ ಬೋಟಿಂಗ್‌ಗೆ ಹೋಗಿದ್ದೆವು. ಪ್ಲಾಸ್ಟಿಕ್ ಡಬ್ಬಿಗಳನ್ನು ಜೋಡಿಸಿ, ದೋಣಿ ಹತ್ತಲು ನೀರಿನ ಮೇಲೆ ತೇಲುವ ಹೊಸ ಜೆಟ್ಟಿ ಮಾಡಿದ್ದಾರೆ. ಟಿಕೆಟ್ ತೆಗೆಸಿ ಅದರ ಮೇಲೆ ನಿಂತೆವು.

ದೂರದಲ್ಲಿ ದೋಣಿ ಕಂಡದ್ದೇ ತಡ, ಹಿಂದಿದ್ದವರು ಮುಂದೆ ನುಗ್ಗಿದರು. ಮುಂದಿದ್ದವರು ಅಂಚಿಗೆ ಬಂದರು. ಅತ್ತ ದೋಣಿಯಲ್ಲಿದ್ದವರು ದಡ ಮುಟ್ಟುವ ಮೊದಲೇ ಎದ್ದು ನಿಂತಿದ್ದರು. ಇಳಿದು ಎಲ್ಲಿಗೆ ಓಡಬೇಕಿತ್ತೋ! ನನಗೂ ನಿಂತಲ್ಲಿ ಕಾಲು ನಿಲ್ಲಲಿಲ್ಲ, ಸುಳ್ಳು ಯಾಕೆ ಹೇಳಲಿ?

ದೋಣಿ ಓರೆಯಾಗಿ ಜೆಟ್ಟಿಯತ್ತ ಬಂತು. ಕಾಕಾ ಅವರ ಕೈ ಹೆಗಲ ಮೇಲಿನ ಟವೆಲಿಗೆ ಹೋಯಿತು. ಬೇಡ ಅನ್ನುವಷ್ಟು ಪುರುಸೊತ್ತೂ ನನಗೆ ಸಿಗಲಿಲ್ಲ.

ಆದರೆ ಹಿನ್ನೀರಿನ ಗಾಳಿ ಬಸ್ ಸ್ಟ್ಯಾಂಡಿನಲ್ಲಿ ಇರುವುದಿಲ್ಲವಲ್ಲ? ಟವೆಲ್ ಸೀಟು ದಾಟಿ, ದೋಣಿಯ ಹಿಂದೆ ಮೋಟರಿನ ಪಕ್ಕದ ನೀರಿಗೇ ಬಿತ್ತು. ದೋಣಿ ನಿಲ್ಲಿಸಲು ಡ್ರೈವರ್ ಅದೇ ಹೊತ್ತಿಗೆ ರಿವರ್ಸ್ ಹಾಕಿದ್ದ. ನೀರೊಳಗೆ ತಿರುಗುತ್ತಿದ್ದ ಫ್ಯಾನು ಟವೆಲನ್ನು ಎಳೆದು ಸುತ್ತಿಕೊಂಡಿತು. ಇಂಜಿನ್ ಗಕ್ಕನೆ ನಿಂತಿತು. ದೋಣಿ ನಿಲ್ಲಲಿಲ್ಲ. ಡ್ರೈವರ್ ಸ್ಟೇರಿಂಗ್ ತಿರುಗಿಸಿದ, ಕೂಗಿದ, ಕೈ ಬೀಸಿದ. ಅದು ಬಂದ ರಭಸಕ್ಕೇ ಜೆಟ್ಟಿಗೆ ಗುದ್ದಿತು.

ರೇಲಿಂಗ್ ಬಾಗಿತು. ಡಬ್ಬಿಗಳ ಕೊಂಡಿ ಕಳಚಿತು. ಚಿಗವ್ವ ನಿಂತಿದ್ದ ತುಂಡು ಬೇರೆಯಾಗಿ, ಅವಳನ್ನೂ ಬುತ್ತಿ ಗಂಟನ್ನೂ ಹೊತ್ತು ತೇಲತೊಡಗಿತು. ಅವಳು ಗಂಟನ್ನು ತಬ್ಬಿಕೊಂಡು ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಹಗ್ಗ ಎಸೆದು ಅವಳನ್ನು ಎಳೆದುಕೊಂಡರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಸೂಪರ್‌ವೈಸರ್ ಓಡಿ ಬಂದವರೇ ಡ್ರೈವರ್ ಮಾಬೂಬಸಾಬನ ಮೇಲೆ ಹರಿಹಾಯ್ದರು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದರು. ಇಂಜಿನ್ನಿಗೆ ಏನೋ ಸಿಕ್ಕಿಕೊಂಡಿದೆ, ಒಂದು ಸಲ ನೋಡಿ ಎಂದು ಅವನು ಬೇಡಿಕೊಂಡ. ಕೇಳುವವರು ಯಾರು? ಸ್ಪೀಡಾಗಿ ತಂದ ಎಂದು ಗುಂಪಿನಲ್ಲಿ ಯಾರೋ ಸಾಕ್ಷಿ ಬೇರೆ ಹೇಳಿದರು. ಕೊನೆಗೆ ಅವನೇ ಮೋಟರನ್ನು ನೀರಿನಿಂದ ಮೇಲೆತ್ತಿದ. ಫ್ಯಾನಿಗೆ ಸುತ್ತಿದ ಕೆಂಪು ಚೌಕಳಿ ಟವೆಲ್ ಎಲ್ಲರಿಗೂ ಕಂಡಿತು.

ಯಾರದು? ಯಾರೂ ಬಾಯಿ ಬಿಡಲಿಲ್ಲ. ಕಾಕಾ ದೂರದ ಗುಡ್ಡ ನೋಡುತ್ತಿದ್ದರು. ನಾನು ಅವರ ತೋಳು ಜಗ್ಗಿದೆ, ಬಿಡಿಸಿಕೊಂಡರು. ಅವರ ಮೇಲೆ ಸಿಟ್ಟು ಬಂತು. ನನ್ನ ಮೇಲೂ. ಬಾಯಿ ನನಗೂ ಇತ್ತಲ್ಲ?

ಚಿಗವ್ವ ಒದ್ದೆ ಸೆರಗು ಹಿಂಡುತ್ತ ಬಂದಳು.

"ಹೋಗ್ರಿ, ನಿಮ್ಮ ಟಾವೆಲ್ ಇಸ್ಕೊಂಡು ಬರ್ರಿ" ಎಂದಳು, ಎಲ್ಲರಿಗೂ ಕೇಳುವ ಹಾಗೆ.

ಕಾಕಾ ತಲೆ ತಗ್ಗಿಸಿ ಮುಂದೆ ಹೋದರು. "ನಂದರಿ ಸಾಹೇಬ್ರ. ಸೀಟ್ ಹಿಡಿಯಾಕ ಹಾಕಿದ್ದೆ. ಇವನ್ನ ಕೆಲಸಾ ಬಿಡಿಸಬ್ಯಾಡ್ರಿ, ಇವಂದೇನೂ ತಪ್ಪಿಲ್ಲ."

ಸೂಪರ್‌ವೈಸರ್ ಕಾಕಾ ಅವರನ್ನು ಬಾಯಿಗೆ ಬಂದಂತೆ ಬೈದರು. ಆಮೇಲೆ ಮಾಬೂಬಸಾಬನಿಗೆ, ನಾಳೆ ಬೇಗ ಬಾ, ಜೆಟ್ಟಿ ಜೋಡಿಸಬೇಕು ಎಂದರು. ಅವನು ಟವೆಲ್ ಬಿಡಿಸಿ, ಹಿಂಡಿ, ಕಾಕಾ ಅವರ ಕೈಗಿಟ್ಟ.

"ಟಿಕೀಟ್ ಎಷ್ಟೋ ಸೀಟ್ ಅಷ್ಟ ಅದಾವರಿ ಕಾಕಾ. ಯಾರನ್ನ ಬಿಟ್ಟು ಹೋಗತಿದ್ದೆ ನಾ?"

ನಾವೆಲ್ಲ ಹೀಗೇ. ಪಂಕ್ತಿಯಲ್ಲಿ ಇನ್ನೂ ಮಜ್ಜಿಗೆ ಅನ್ನ ಉಣ್ಣುತ್ತಿರುವವರ ಬೆನ್ನಿಗೆ ಹೋಗಿ ನಿಲ್ಲುತ್ತೇವೆ. ಡಾಕ್ಟರ ಬಾಗಿಲಲ್ಲಿ ಟೋಕನ್ ಕೈಯಲ್ಲಿದ್ದರೂ ಇಣುಕುತ್ತೇವೆ. ನಮಗೆ ಸಿಗಲಿಕ್ಕಿಲ್ಲ ಎಂಬ ದಿಗಿಲು ಮೈಗಂಟಿಬಿಟ್ಟಿದೆ. ಕೂತರೂ ಹೋಗುವುದಿಲ್ಲ.

ಸಂಜೆ ಸವದತ್ತಿ ಸ್ಟ್ಯಾಂಡಿಗೆ ಬೈಲಹೊಂಗಲದ ಬಸ್ಸು ಬಂತು. ಜನ ನುಗ್ಗಿದರು. ಕಾಕಾ ಹೆಗಲಿನ ಒದ್ದೆ ಟವೆಲನ್ನು ಬಿಗಿಯಾಗಿ ಹಿಡಿದು ಸುಮ್ಮನೆ ನಿಂತರು. ಎಲ್ಲರೂ ಹತ್ತಿದ ಮೇಲೆ ಹತ್ತಿದರು. ಚಿಗವ್ವನಿಗೆ ನನ್ನ ಪಕ್ಕದಲ್ಲಿ ಜಾಗ ಸಿಕ್ಕಿತು. ಕಾಕಾ ಬೈಲಹೊಂಗಲದ ತನಕ ಕಂಬಿ ಹಿಡಿದು ನಿಂತೇ ಬಂದರು.

ನನಗೆ ಸೀಟು ಹೇಗೆ ಸಿಕ್ಕಿತು ಅಂದಿರಾ? ನನ್ನ ವ್ಯಾನಿಟಿ ಬ್ಯಾಗ್ ನನಗಿಂತ ಮೊದಲೇ ಕಿಟಕಿಯಿಂದ ಹತ್ತಿತ್ತು.